ಎಂಟನೆಯ ತರಗತಿ ಅಂದರೇನು? ಇಟಗಿಯ ಪಾಲಕರಿಗೆ ಹೇಳುವವರು ಯಾರು?

ಮುಲ್ಕಿ ಪರೀಕ್ಷೆ ಎಂಬ ಮಾತು ಇಂದಿನ ಬೆಂಗಳೂರಿನ ಹುಡುಗರಿಗೆ ಗೊತ್ತಿರಲಿಕ್ಕಿಲ್ಲ. ಮುಂಬಯಿ ಕರ್ನಾಟಕದ ಕಡೆ ಕನ್ನಡ ಏಳನೆಯ ಇಯತ್ತೆಯ ಕೊನೆಯ ಪರೀಕ್ಷೆಗೆ ಇದ್ದ ಹೆಸರು ಅದು. ಮುಲ್ಕಿ ಪಾಸಾದವನು ಕನ್ನಡ ಸಾಲಿಯ ಮಾಸ್ತರನಾಗಬಹುದಿತ್ತು. ಹೆಬ್ಬೆಟ್ಟು ಒತ್ತುವ ರೈತನಿಗೂ ಆ ಮಾತಿನ ತೂಕ ಗೊತ್ತಿತ್ತು. 'ನನ್ನ ಮಗ ಈ ವರ್ಷ ಮುಲ್ಕಿಗೆ ಕೂಡ್ತಾನ' ಎಂದರೆ ಊರಿಗೆ ಊರೇ ಆ ಹುಡುಗನನ್ನು ಬೇರೆ ಕಣ್ಣಿನಿಂದ ನೋಡುತ್ತಿತ್ತು.

ಮುಲ್ಕಿ ಹೋಯಿತು. ಏಳನೆಯ ತರಗತಿಯ ಪಬ್ಲಿಕ್ ಪರೀಕ್ಷೆಯೂ ಹೋಯಿತು. 2006-07ರಲ್ಲಿ ಸರ್ಕಾರ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ಕೊಡಲು ಶುರು ಮಾಡಿತು. ಆಗ ಎಂಟನೆಯದು 'ಸೈಕಲ್ ಬರುವ ವರ್ಷ' ಎಂದಾದರೂ ತಂದೆತಾಯಿಗೆ ಗೊತ್ತಿತ್ತು. ಕೊರೊನಾ ಕಾಲದಲ್ಲಿ ಸೈಕಲ್ ಕೂಡ ನಿಂತಿತು. ಹಿರಿಯ ಪ್ರಾಥಮಿಕ ಮುಗಿಯುವ ಈ ವರ್ಷಕ್ಕೆ ಈಗ ಪಾಲಕರ ಬಾಯಲ್ಲಿ ಹೆಸರೂ ಇಲ್ಲ, ಅರ್ಥವೂ ಇಲ್ಲ. ಏಳಾದ ಮೇಲೆ ಎಂಟು, ಎಂಟಾದ ಮೇಲೆ ಒಂಬತ್ತು, ಅಷ್ಟೆ!

ಈ ವಾರ ಇಟಗಿಯ ಹೆಸರು ಹಿಡಿದು ಬರೆಯುತ್ತಿದ್ದೇವೆ. ಮಹಾದೇವ ದೇವಾಲಯದ ಇಟಗಿ ಬೇರೆ, ಅದು ಕೊಪ್ಪಳ ಜಿಲ್ಲೆಯದು. ನಾವು ಹೇಳುತ್ತಿರುವುದು ಗದಗ ಜಿಲ್ಲೆಯ ರೋಣ ಸೀಮೆಯ ಇಟಗಿ, ಭೀಮಾಂಬಿಕೆಯ ಇಟಗಿ. ಎರೆ ಭೂಮಿ, ಮಳೆಯನ್ನೇ ನಂಬಿದ ಬದುಕು. ಹೆಸರು ಬಿಡಿಸುವ ಕಾಲ ಬಂದರೆ ಸಾಲಿಯ ಬೆಂಚು ಖಾಲಿ. ಮಳೆ ಕೈಕೊಟ್ಟರೆ ಈ ಸೀಮೆಯ ಜನ ಗೋವಾ, ಮಂಗಳೂರು, ಬೆಂಗಳೂರು ಎಂದು ಗುಳೆ ಹೊರಡುತ್ತಾರೆ. ಹಾಗಾಗಿ ಇದು ಇಟಗಿಯೊಂದರ ಕಥೆಯಲ್ಲ, ನೀವು ಬಾಡಿಗೆಗಿರುವ ಕಟ್ಟಡಕ್ಕೆ ಇಟ್ಟಿಗೆ ಹೊತ್ತವರ ಮನೆಯ ಕಥೆಯೂ ಹೌದು.

ಇಂಥ ಮನೆಯ ತಂದೆಯನ್ನು ಸಾಲಿಗೆ ಕರೆಸಿ ಏನು ಹೇಳುತ್ತಾರೆ? ಎಫ್.ಎ.-1, ಎಫ್.ಎ.-2, ಎಸ್.ಎ.-1, ಎಸ್.ಎ.ಟಿ.ಎಸ್., ಎನ್.ಎಂ.ಎಂ.ಎಸ್. ಇದು ಯಾವ ಭಾಷೆ ಸ್ವಾಮಿ? 1963ರಲ್ಲೇ ಈ ರಾಜ್ಯಕ್ಕೆ ಆಡಳಿತ ಭಾಷಾ ಕಾಯ್ದೆ ಬಂತು. ಕಾಯ್ದೆಯಲ್ಲಿ ಕನ್ನಡವಿದೆ, ಪಾಲಕನ ಕೈಗೆ ಬರುವ ಚೀಟಿಯಲ್ಲಿ ಇಂಗ್ಲಿಷಿನ ಬಿಡಿ ಅಕ್ಷರಗಳಿವೆ. ಅಕ್ಷರ ಕನ್ನಡದ್ದಾದರೆ ಮಾತು ಕನ್ನಡವಾಗುವುದಿಲ್ಲ. 'ಸಹಿ ಹಾಕು ಅಂದ್ರು, ಹಾಕಿ ಬಂದ್ವಿರಿ' ಎಂದು ತಂದೆ ಹೇಳಿದರೆ ತಪ್ಪು ಅವನದಲ್ಲ. ಮಾಸ್ತರರದೂ ಪೂರ್ತಿ ಅಲ್ಲ. ಮೊಟ್ಟೆಯ ಲೆಕ್ಕ, ಜನಗಣತಿಯ ಲೆಕ್ಕ, ಮತದಾರರ ಪಟ್ಟಿ ಎಲ್ಲ ಮುಗಿಸಿ ಅವರಿಗೆ ಪಾಠಕ್ಕೆ ಉಳಿಯುವ ಹೊತ್ತೇ ಕಡಿಮೆ.

ಸರ್ಕಾರಕ್ಕಾದರೂ ಎಂಟನೆಯ ತರಗತಿ ಅಂದರೆ ಏನೆಂದು ಗೊತ್ತಿದೆಯೇ? 2023-24ರ ಸಾಲಿನಲ್ಲಿ 5, 8, 9ನೆಯ ತರಗತಿಗಳಿಗೆ ಬೋರ್ಡ್ ಪರೀಕ್ಷೆ ಎಂದು ಹೊರಟರು. ಹೈಕೋರ್ಟಿನ ಏಕಸದಸ್ಯ ಪೀಠ ರದ್ದು ಮಾಡಿತು. ವಿಭಾಗೀಯ ಪೀಠ ಎತ್ತಿ ಹಿಡಿಯಿತು. 2024ರ ಏಪ್ರಿಲ್ 8ರಂದು ಸುಪ್ರೀಂ ಕೋರ್ಟ್ ಫಲಿತಾಂಶಕ್ಕೆ ತಡೆ ಕೊಟ್ಟಿತು. ಪರೀಕ್ಷೆ ಬರೆದ ಮಕ್ಕಳ ಗತಿ ಕೋರ್ಟಿನ ಕಟಕಟೆಯಲ್ಲಿ! ರಾಜಧಾನಿಯ ವಕೀಲರಿಗೇ ತಲೆ ಕೆಟ್ಟ ಈ ವಿಷಯ ಇಟಗಿಯ ತಾಯಿಗೆ ಹೇಗೆ ತಿಳಿಯಬೇಕು?

ಬೈಯುವುದು ಇಲ್ಲಿಗೆ ಸಾಕು. ಎಂಟನೆಯ ತರಗತಿಯಲ್ಲಿ ನಿಜಕ್ಕೂ ಏನು ನಿರ್ಧಾರವಾಗುತ್ತದೆ ಎಂದು ನೋಡೋಣ.

ಮೊದಲನೆಯದು ದುಡ್ಡಿನ ಮಾತು. ಆ ಎನ್.ಎಂ.ಎಂ.ಎಸ್. ಎಂಬ ನಾಲ್ಕು ಅಕ್ಷರದ ಒಳಗೆ ಒಬ್ಬ ಬಡ ಹುಡುಗಿಯ ನಾಲ್ಕು ವರ್ಷದ ಓದು ಅಡಗಿದೆ. ಕೇಂದ್ರ ಸರ್ಕಾರ 2008ರಲ್ಲಿ ತಂದ ವಿದ್ಯಾರ್ಥಿವೇತನ ಅದು. ಸರ್ಕಾರಿ ಮತ್ತು ಅನುದಾನಿತ ಶಾಲೆಯ ಎಂಟನೆಯ ತರಗತಿಯ ಮಕ್ಕಳಿಗೆ ಮಾತ್ರ ಪರೀಕ್ಷೆ. ಮನೆಯ ವರಮಾನ ವರ್ಷಕ್ಕೆ ಮೂರೂವರೆ ಲಕ್ಷ ರೂಪಾಯಿ ಮೀರಿರಬಾರದು, ಏಳನೆಯ ತರಗತಿಯಲ್ಲಿ ಶೇ 55 ಅಂಕ ಇರಬೇಕು (ಪರಿಶಿಷ್ಟರಿಗೆ ಶೇ 50). ಬುದ್ಧಿಶಕ್ತಿಯ 90 ಪ್ರಶ್ನೆ, ಪಾಠದ 90 ಪ್ರಶ್ನೆ. ಕನ್ನಡದಲ್ಲೇ ಬರೆಯಬಹುದು. ಆಯ್ಕೆಯಾದ ಮಗುವಿಗೆ ಒಂಬತ್ತರಿಂದ ಹನ್ನೆರಡನೆಯ ತರಗತಿಯವರೆಗೆ ವರ್ಷಕ್ಕೆ 12,000 ರೂಪಾಯಿ ಬ್ಯಾಂಕಿನ ಖಾತೆಗೇ ಬರುತ್ತದೆ. ನಾಲ್ಕು ವರ್ಷಕ್ಕೆ 48,000! ಹತ್ತನೆಯದು ಮುಗಿದೊಡನೆ ಹುಡುಗಿಯ ಮದುವೆಯ ಮಾತು ತೆಗೆಯುವ ಮನೆಯಲ್ಲಿ ಈ ದುಡ್ಡು ಎರಡು ವರ್ಷ ಬಾಗಿಲಿಗೆ ಅಡ್ಡ ನಿಲ್ಲಬಲ್ಲದು.

ಈ ಪರೀಕ್ಷೆ ಜೀವನದಲ್ಲಿ ಒಂದೇ ಸಲ, ಎಂಟನೆಯ ತರಗತಿಯಲ್ಲಿ ಮಾತ್ರ. ಒಂಬತ್ತಕ್ಕೆ ಹೋದ ಮೇಲೆ ತಿಳಿದರೆ ಏನೂ ಮಾಡುವಂತಿಲ್ಲ. ಇನ್ನೂ ಒಂದು ಕುಣಿಕೆ ಇದೆ. ಪರೀಕ್ಷೆ ಪಾಸಾದ ಮಗುವನ್ನು ಒಂಬತ್ತನೆಯದಕ್ಕೆ ಅನುದಾನವಿಲ್ಲದ ಖಾಸಗಿ ಶಾಲೆಗೆ ಹಾಕಿದರೆ ವೇತನ ನಿಲ್ಲುತ್ತದೆ. ಮಗಳು ಜಾಣೆ ಎಂದು ಸಾಲ ಮಾಡಿ ಖಾಸಗಿ ಶಾಲೆಗೆ ಸೇರಿಸಿದ ತಂದೆ, ಅವಳ ಜಾಣತನಕ್ಕೆ ಸಿಕ್ಕ ದುಡ್ಡನ್ನು ತನ್ನ ಕೈಯಾರೆ ಕಳೆದಿರುತ್ತಾನೆ.

ಎರಡನೆಯದು ಇದಕ್ಕಿಂತ ದೊಡ್ಡದು, ನಮ್ಮ ಹೋರಾಟಕ್ಕೂ ಹತ್ತಿರದ್ದು. ರಾಜ್ಯ ಸರ್ಕಾರದ ನೇರ ನೇಮಕಾತಿಯಲ್ಲಿ ಗ್ರಾಮೀಣ ಅಭ್ಯರ್ಥಿಗಳಿಗೆ ಶೇ 25, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ 5 ಮೀಸಲಾತಿ ಇದೆ. ಸಿ.ಇ.ಟಿ. ಮೂಲಕ ತುಂಬುವ ಸರ್ಕಾರಿ ಸೀಟುಗಳಲ್ಲಿ ಗ್ರಾಮೀಣರಿಗೆ ಶೇ 15, ಕನ್ನಡ ಮಾಧ್ಯಮಕ್ಕೆ ಶೇ 5. ಎರಡಕ್ಕೂ ಷರತ್ತು ಒಂದೇ ಬಗೆಯದು: ಒಂದರಿಂದ ಹತ್ತನೆಯ ತರಗತಿಯವರೆಗೆ ಪೂರ್ತಿ ಹತ್ತು ವರ್ಷ ಹಳ್ಳಿಯಲ್ಲಿ ಓದಿರಬೇಕು, ಪೂರ್ತಿ ಹತ್ತು ವರ್ಷ ಕನ್ನಡದಲ್ಲಿ ಓದಿರಬೇಕು. ಒಂಬತ್ತು ವರ್ಷ ಓದಿ ಒಂದು ವರ್ಷ ಬಿಟ್ಟರೂ ಗೋವಿಂದ!

ಪಾಲಕರು ಶಾಲೆ ಬದಲಿಸುವುದು ಯಾವಾಗ? ಎಂಟರ ಮುಂಚೆ, ಇಲ್ಲವೇ ಎಂಟರ ಕೊನೆಗೆ. 'ಹೈಸ್ಕೂಲಿಗಾದರೂ ಇಂಗ್ಲಿಷ್ ಮೀಡಿಯಂ ಇರಲಿ' ಎಂದು ಗಜೇಂದ್ರಗಡಕ್ಕೋ ರೋಣಕ್ಕೋ ಗದಗಿಗೋ ಕಳಿಸುತ್ತಾರೆ. ರೋಣ, ಗಜೇಂದ್ರಗಡ ಪುರಸಭೆಯ ಊರುಗಳು, ನರೇಗಲ್ಲ ಪಟ್ಟಣ ಪಂಚಾಯಿತಿ. ಕಾಗದದ ಮೇಲೆ ಇವು ಹಳ್ಳಿಗಳಲ್ಲ. ಎಂಟು ವರ್ಷ ಇಟಗಿಯ ಧೂಳಿನಲ್ಲಿ ಕನ್ನಡದಲ್ಲಿ ಓದಿದ ಹುಡುಗ ಕೊನೆಯ ಎರಡು ವರ್ಷಕ್ಕೆ ಬಸ್ಸು ಹತ್ತಿದರೆ ಎರಡೂ ಹಕ್ಕು ಒಟ್ಟಿಗೇ ಹೋದವು. ಮುಂದೆ ಪಿ.ಡಿ.ಒ. ಹುದ್ದೆಗೋ ಪೊಲೀಸ್ ಕೆಲಸಕ್ಕೋ ಅರ್ಜಿ ಹಾಕುವಾಗ ಪ್ರಮಾಣಪತ್ರ ಕೇಳಿದರೆ, ಆಗ ತಿಳಿಯುತ್ತದೆ. ತಿಳಿದು ಏನು ಪ್ರಯೋಜನ?

ಕಳಿಸಬೇಡಿ ಎಂದು ನಾವು ಆಜ್ಞೆ ಮಾಡುತ್ತಿಲ್ಲ. ಮಾಧ್ಯಮದ ಆಯ್ಕೆ ಪಾಲಕರದು ಎಂದು ಸುಪ್ರೀಂ ಕೋರ್ಟ್ 2014ರ ಮೇ 6ರಂದು ಹೇಳಿಯಾಗಿದೆ. ಆ ತೀರ್ಪು ನಮಗೆ ಒಪ್ಪಿಗೆಯಿಲ್ಲ, ಅದು ಬೇರೆ ಮಾತು. ಆದರೆ ಕಳೆದುಕೊಳ್ಳುವುದೇನೆಂದು ಗೊತ್ತಿಲ್ಲದೆ ಮಾಡಿದ್ದು ಆಯ್ಕೆ ಹೇಗಾದೀತು? ಖಾಸಗಿ ಶಾಲೆಯ ಕರಪತ್ರದಲ್ಲಿ ಸ್ಮಾರ್ಟ್ ಕ್ಲಾಸ್, ವ್ಯಾನ್, ಟೈ, ಬೂಟು ಎಲ್ಲ ಇರುತ್ತದೆ. 'ನಿಮ್ಮ ಮಗುವಿನ ಗ್ರಾಮೀಣ ಮತ್ತು ಕನ್ನಡ ಮಾಧ್ಯಮ ಮೀಸಲಾತಿ ಇಂದಿಗೆ ಮುಗಿಯಿತು' ಎಂಬ ಸಾಲು ಮಾತ್ರ ಇರುವುದಿಲ್ಲ.

ಶಿಕ್ಷಣ ಹಕ್ಕು ಕಾಯ್ದೆಯಲ್ಲಿ ಖಾಸಗಿ ಶಾಲೆಗೆ ಸೇರಿದವರ ಪಾಡು ಇನ್ನೊಂದು. ಪುಕ್ಕಟೆ ಓದು ಎಂಟನೆಯದಕ್ಕೆ ಮುಗಿಯುತ್ತದೆ, ಒಂಬತ್ತರಿಂದ ಪೂರ್ತಿ ಫೀಜು. 2019ರಲ್ಲಿ ರಾಜ್ಯ ಸರ್ಕಾರ ನಿಯಮ ಬದಲಿಸಿ, ಸರ್ಕಾರಿ ಶಾಲೆ ಇರುವ ಕಡೆ ಆ ಸೀಟುಗಳನ್ನು ನಿಲ್ಲಿಸಿತು. ಅದಕ್ಕೂ ಮುಂಚೆ 2018-19ರಲ್ಲಿ ಒಂದನೆಯದಕ್ಕೆ ಸೇರಿದ ಮಕ್ಕಳು ಎಂಟನೆಯದಕ್ಕೆ ಬಂದದ್ದು 2025-26ರಲ್ಲಿ. ಕಡೆಗೆ ಫೀಜಿನ ಚೀಟಿ ಬಂದಾಗ ಎದೆ ಒಡೆದುಕೊಳ್ಳುವ ಬದಲು, ಎಂಟರ ನಡುವೆಯೇ ಸರ್ಕಾರಿ ಹೈಸ್ಕೂಲಿನ ದಾರಿ ನೋಡಬೇಕಿತ್ತು.

ದಾಖಲಾತಿ ಪುಸ್ತಕದ ಹೆಸರು, ಹುಟ್ಟಿದ ತಾರೀಕು, ಜಾತಿಯ ಕಾಲಂ ನೋಡಿಕೊಳ್ಳಲೂ ಇದೇ ಸರಿಯಾದ ಕಾಲ. ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಬಂದ ಮೇಲೆ ತಿದ್ದಿಸುವುದು ಅಲೆದಾಟ.

ಓದಿನ ವಿಷಯ. ಅಕ್ಷರ ಬಾರದ ತಾಯಿ ಮಗುವಿನ ಓದು ಹೇಗೆ ಪರೀಕ್ಷಿಸಬೇಕು? ಎಂಟನೆಯದು ಮುಗಿಸುವ ಮಗು ಕನ್ನಡ ಪತ್ರಿಕೆಯ ಒಂದು ಸುದ್ದಿ ಓದಿ, 'ಏನೈತಿ ಅದರಾಗ?' ಎಂದು ಕೇಳಿದರೆ ತನ್ನ ಮಾತಲ್ಲಿ ಹೇಳಬೇಕು. ಸೊಸಾಯಿಟಿ ಸಾಲದ ಬಡ್ಡಿಯನ್ನು ಶೇಕಡಾ ಲೆಕ್ಕದಲ್ಲಿ ಹೇಳಬೇಕು. ಎಣ್ಣೆಯ ಡಬ್ಬಿಯ ಮೇಲೆ ಬರೆದ ಪ್ರಮಾಣವನ್ನು ಎಕರೆಗೆ ಎಷ್ಟೆಂದು ಬಿಡಿಸಿ ಹೇಳಬೇಕು. ಇಷ್ಟು ಬಾರದಿದ್ದರೆ ಪ್ರಗತಿಪತ್ರದ ಗ್ರೇಡು ಏನೇ ಇರಲಿ, ಆ ತಾಯಿ ಸಾಲಿಗೆ ಹೋಗಿ ಕೇಳಬಹುದು, ಕೇಳಲೇಬೇಕು. ಓದು ಕನ್ನಡದಲ್ಲಿ ಇರುವುದರಿಂದಲೇ ಅವಳಿಗೆ ಈ ಅಧಿಕಾರ. ಪಾಠ ಇಂಗ್ಲಿಷಿಗೆ ಹೋದ ದಿನ ತಾಯಿ ತನ್ನ ಮನೆಯಲ್ಲೇ ಪರಕೀಯಳು. ಹತ್ತೊಂಬತ್ತನೆಯ ಶತಮಾನದಲ್ಲಿ ಮರಾಠಿ ಶಾಲೆಗಳೇ ತುಂಬಿದ್ದ ಇದೇ ಧಾರವಾಡ ಸೀಮೆಯಲ್ಲಿ ಕನ್ನಡ ಶಾಲೆಗಳನ್ನು ತೆರೆಸಲು ಡೆಪ್ಯುಟಿ ಚನ್ನಬಸಪ್ಪನವರು ಹೋರಾಡಿದ್ದೂ ಈ ಅಧಿಕಾರಕ್ಕಾಗಿಯೇ.

ಈಗ ಗೆಳೆಯರೇ, ನಿಮ್ಮ ಮಾತು. ನಾಮಫಲಕಕ್ಕೆ ಮಸಿ ಬಳಿಯಲು ನಾವು ಮುಂದು, ನವೆಂಬರ್ ಬಂದರೆ ಬಾವುಟ ಹಿಡಿಯಲು ಮುಂದು. ಕನ್ನಡ ಮಾಧ್ಯಮಕ್ಕೆ ಸರ್ಕಾರವೇ ಕೊಟ್ಟ ಶೇ 5ರ ಮೀಸಲಾತಿಯನ್ನು ಹಳ್ಳಿಯ ಒಬ್ಬ ಪಾಲಕನಿಗೆ ತಿಳಿಸಲು ನಮ್ಮಲ್ಲಿ ಎಷ್ಟು ಮಂದಿ ಹೋಗಿದ್ದೇವೆ? ನಿಮ್ಮಲ್ಲಿ ಬಹಳ ಜನ ಇಂಥದೇ ಊರುಗಳಿಂದ ಬಂದವರು. ಜಾತ್ರೆಗೋ ಪಂಚಮಿಗೋ ಊರಿಗೆ ಹೋದಾಗ ನಿಮ್ಮ ಓಣಿಯಲ್ಲಿ ಎಂಟನೆಯದು ಓದುವ ಮಕ್ಕಳು ಯಾರೆಂದು ಕೇಳಿ. ಕಟ್ಟೆಯ ಮೇಲೆ ಕುಳಿತು ಅವರ ಅಪ್ಪ ಅವ್ವಂದಿರಿಗೆ ನಿಮ್ಮೂರ ಮಾತಿನಲ್ಲೇ ಇದನ್ನೆಲ್ಲ ಹೇಳಿ. ಗುಳೆ ಬಂದವರ ಶೆಡ್ಡು ನಿಮ್ಮ ಬಡಾವಣೆಯಲ್ಲೇ ಇದ್ದರೆ ಅಲ್ಲಿಗೂ ಹೋಗಿ.

ಇಲಾಖೆಗೆ ನಮ್ಮ ಬೇಡಿಕೆ ದೊಡ್ಡದಲ್ಲ. ಎಂಟನೆಯ ತರಗತಿಯ ಪ್ರತಿ ಮನೆಗೆ ಜೂನ್ ತಿಂಗಳಲ್ಲೇ ಒಂದು ಹಾಳೆ ಹೋಗಬೇಕು, ಬಿಡಿ ಅಕ್ಷರಗಳಿಲ್ಲದ ಕನ್ನಡದಲ್ಲಿ. ವಿದ್ಯಾರ್ಥಿವೇತನದ ಪರೀಕ್ಷೆ ಯಾವುದು, ಅರ್ಜಿ ಯಾರ ಹತ್ತಿರ, ಶಾಲೆ ಬಿಡಿಸಿದರೆ ಏನು ಹೋಗುತ್ತದೆ, ಅಷ್ಟೇ ಇರಲಿ. ವರ್ಗಾವಣೆ ಪತ್ರ ಕೇಳಲು ಬಂದ ಪಾಲಕನಿಗೆ ಸಹಿಗೆ ಮುಂಚೆ ಮೀಸಲಾತಿಯ ಷರತ್ತನ್ನು ಓದಿ ಹೇಳಬೇಕು. ಹಾಳೆ ಬರುವವರೆಗೆ ಕಾಯಬೇಡಿ. ವರಮಾನ ಪತ್ರಕ್ಕೆ ನಾಡಕಚೇರಿಯಲ್ಲಿ ದಿನ ಹಿಡಿಯುತ್ತದೆ, ಬ್ಯಾಂಕಿನ ಖಾತೆ ಮಗುವಿನ ಹೆಸರಿನಲ್ಲೇ ಆಗಬೇಕು. ಎರಡನ್ನೂ ಅರ್ಜಿ ಕರೆಯುವ ಮೊದಲೇ ಮಾಡಿಸಿಡಲು ಹೇಳಿ.