ಗೃಹಿಣಿಯ ರಕ್ತನಾಳ

ಹೃದ್ರೋಗವು ಗಂಡಸರದೆಂಬ ನಂಬಿಕೆ ನಮ್ಮ ಮನೆಗಳಲ್ಲಿ ಇನ್ನೂ ಅಳಿದಿಲ್ಲ. ಯಜಮಾನರ ರಕ್ತಪರೀಕ್ಷೆ ವರ್ಷಕ್ಕೊಮ್ಮೆ ತಪ್ಪದು, ಗೃಹಿಣಿಯದನ್ನು ಕೇಳುವವರಾರು? ಮುಟ್ಟು ನಿಲ್ಲುವವರೆಗೆ ಈಸ್ಟ್ರೋಜೆನ್ ಎಂಬ ಅಂತಃಸ್ರಾವವು ಹೆಣ್ಣಿನ ರಕ್ತನಾಳಗಳನ್ನು ಬಹುಮಟ್ಟಿಗೆ ಕಾಯುತ್ತದೆ. ಅದು ಕುಗ್ಗಿತೆಂದರೆ, ಊಟದಲ್ಲಿ ಒಂದು ತೊಟ್ಟು ತುಪ್ಪ ಹೆಚ್ಚದಿದ್ದರೂ, ಎಲ್‌ಡಿಎಲ್ ಎಂಬ ಕೆಟ್ಟ ಕೊಲೆಸ್ಟರಾಲ್ ಏರತೊಡಗುತ್ತದೆ. ನಾಳದ ಒಳಗೋಡೆಯಲ್ಲಿ ವರ್ಷಗಟ್ಟಲೆ ಸಂಚಯವಾಗಿ ರಕ್ತದ ದಾರಿಯನ್ನು ಕಿರಿದುಗೊಳಿಸುತ್ತದೆ. ನೋವಿಲ್ಲ, ಸುಳಿವಿಲ್ಲ. ಹಿತಕಾರಿಯಾದ ಎಚ್‌ಡಿಎಲ್ 100 ಮಿಲಿಲೀಟರ್ ರಕ್ತದಲ್ಲಿ ಪುರುಷರಿಗೆ 40 ಮಿಲಿಗ್ರಾಂ ಇದ್ದರೆ ಸಾಕೆನ್ನುತ್ತಾರೆ. ಸ್ತ್ರೀಯರಿಗೆ 50 ಬೇಕು. ಐವತ್ತು ಸಮೀಪಿಸಿದ ಸೋದರಿಯರು ಈ ಪರೀಕ್ಷೆಯನ್ನು ಮುಂದೂಡಬಾರದು.

ಹೃದಯಾಘಾತವೂ ಸ್ತ್ರೀಯರಲ್ಲಿ ಕೆಲವೊಮ್ಮೆ ಎದೆನೋವಿಲ್ಲದೆ, ಏದುಸಿರು, ಓಕರಿಕೆ, ದವಡೆನೋವು, ಅತೀವ ಆಯಾಸಗಳ ರೂಪದಲ್ಲಿ ಬರುವುದುಂಟು. ಅದನ್ನು ವಾಯುವೆಂದು ಬಗೆದು, ಕಷಾಯ ಕುಡಿದು, ಒಲೆಯ ಮುಂದೆಯೇ ನಿಂತ ತಾಯಂದಿರೆಷ್ಟೋ! ಅಂಥ ಹೊತ್ತಿನಲ್ಲಿ ಮಗನ ಬರವಿಗೂ ಕಾಯದೆ ಆಸ್ಪತ್ರೆಗೆ ಹೊರಡಬೇಕು.