ಅಟ್ಟದ ಮೇಲಿನ ಪಟ್ಟದ ಬೊಂಬೆ

ಮಹಾಲಯ ಅಮಾವಾಸ್ಯೆ ಹತ್ತಿರ ಬಂತೆಂದರೆ ನನ್ನ ಕಣ್ಣು ಅಟ್ಟದ ಕಡೆ ಹೋಗುತ್ತದೆ, ನಮ್ಮ ಯಜಮಾನರ ಕಣ್ಣು ದಿನಪತ್ರಿಕೆಯೊಳಗೆ ಹೋಗುತ್ತದೆ! ಏಣಿ ಹತ್ತಿ ಬೊಂಬೆ ಪೆಟ್ಟಿಗೆ ಇಳಿಸುವ ಕೆಲಸ ಅವರದು ತಾನೆ? ನಮ್ಮ ತೆಲುಗು ನೆರೆಯವರು ಅಟ್ಟಕ್ಕೆ 'ಅಟಕ' ಎನ್ನುತ್ತಾರೆ. ಹೆಸರು ಯಾವುದಾದರೇನು, ವರ್ಷಕ್ಕೊಮ್ಮೆ ಬೇಕಾಗುವುದೆಲ್ಲ ಅಲ್ಲೇ.

2020ರ ಅಕ್ಟೋಬರ್ 13ರ ಮಳೆಯನ್ನು ಹೈದರಾಬಾದಿನ ನಾವು ಯಾರೂ ಮರೆತಿಲ್ಲ. ಘಟ್‌ಕೇಸರ್ ಕಡೆ ಒಂದೇ ದಿನ 30 ಸೆಂ.ಮೀ. ಮೀರಿ ಸುರಿಯಿತು. ಎಷ್ಟೋ ಬಡಾವಣೆಗಳಲ್ಲಿ ಮನೆಯೊಳಗೇ ನೀರು. ಮೇಲಿನ ಮಹಡಿಯ ನಾವು ಬಚಾವಾದೆವು ಎಂದುಕೊಂಡೆ. ನಾಲ್ಕು ದಿನಕ್ಕೆ ನವರಾತ್ರಿ. ಪೆಟ್ಟಿಗೆ ತೆರೆದರೆ ಹಳೆಯ ಉಪ್ಪಿನಕಾಯಿ ಭರಣಿಯ ವಾಸನೆ! ಮಣ್ಣಿನ ಶೆಟ್ಟಿ ಶೆಟ್ಟಮ್ಮನ ಬಣ್ಣ ಎದ್ದಿತ್ತು. ಕಾಗದದ ರಟ್ಟಿನ ಆನೆ ಉಬ್ಬಿತ್ತು. ನನ್ನ ಮದುವೆಯಲ್ಲಿ ಅಮ್ಮ ಕೊಟ್ಟ ಪಟ್ಟದ ಬೊಂಬೆಗಳ ರೇಷ್ಮೆ ಬಟ್ಟೆಯ ಮೇಲೆ ಕಪ್ಪು ಬೂಷ್ಟು. ಅಮ್ಮ ತನ್ನ ಧಾರೆ ಸೀರೆಯ ಸೆರಗನ್ನು ಕತ್ತರಿಸಿ ಕೈಯಲ್ಲೇ ಹೊಲಿದ ಬಟ್ಟೆ ಅದು. ಅಮ್ಮ ಈಗಿಲ್ಲ.

ಎಲ್ಲ ಆ ಮಳೆಯದೇ ತಪ್ಪೆಂದು ಬೈದೆ. ಬಂದ ಗಾರೆ ಮೇಸ್ತ್ರಿ ನಕ್ಕರು. "ಅಮ್ಮಾ, ಇದು ನಾಲ್ಕು ದಿನದ ಬೂಷ್ಟಲ್ಲ" ಎಂದರು. ತಾರಸಿಯ ಮಳೆನೀರಿನ ಕೊಳವೆಗೆ ಎಲೆ ಕಸ ಕಟ್ಟಿಕೊಂಡು ನೀರು ನಿಲ್ಲುತ್ತಿತ್ತು, ಕೈಪಿಡಿ ಗೋಡೆಯ ಬುಡದ ಬಿರುಕಿನಿಂದ ಸದ್ದಿಲ್ಲದೆ ಒಳಗಿಳಿಯುತ್ತಿತ್ತು. ನಾವೋ, ಅಟ್ಟದ ಗೋಡೆಗೆ ಎರಡು ಸಲ ಒಳಗಿನಿಂದ ಬಣ್ಣ ಹೊಡೆಸಿ ಸುಮ್ಮನಾಗಿದ್ದೆವು. ನೀರಿನ ದಾರಿ ಮುಚ್ಚದೆ ಬಣ್ಣ ಬಳಿದರೆ ಗಾಯ ತೊಳೆಯದೆ ಪೌಡರ್ ಹಚ್ಚಿದಂತೆ.

ಇನ್ನೊಂದು ತಪ್ಪು ನನ್ನದೇ. 2019ರಲ್ಲಿ ವಿಜಯದಶಮಿ ಅಕ್ಟೋಬರ್ 8ಕ್ಕೇ ಬಂದಿತ್ತು. ಹಬ್ಬ ಮುಗಿದದ್ದೇ ತಡ, ಬೊಂಬೆಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ, ನುಸಿಗುಳಿಗೆ ಹಾಕಿ, ಮೇಲೇರಿಸಿಬಿಟ್ಟೆ. ಗಾಳಿಯಲ್ಲಿದ್ದ ಮಳೆಗಾಲದ ಪಸೆಯನ್ನೂ ಸೇರಿಸಿ ಕಟ್ಟಿದ್ದೆ! ನುಸಿಗುಳಿಗೆ ಹುಳುವಿಗೆ ಮದ್ದು, ಬೂಷ್ಟಿಗಲ್ಲ. ಗಾಳಿಯ ತೇವ ಶೇಕಡಾ 60ರ ಒಳಗಿದ್ದರೆ ಬೂಷ್ಟು ಬೆಳೆಯುವುದು ಕಷ್ಟ. ನಮ್ಮೂರಿನ ಮಳೆಗಾಲದ ಬೆಳಗಿನಲ್ಲಿ ಅದು 80 ದಾಟುವುದು ಸಾಮಾನ್ಯ. ಪಕ್ಕದ ಮನೆಯ ಆಂಧ್ರದ ಅಕ್ಕನವರು 'ಬೊಮ್ಮಲ ಕೊಲುವು' ಇಡುವುದು ಸಂಕ್ರಾಂತಿಗೆ. ಜನವರಿಯ ಒಣ ಹವೆಯಲ್ಲಿ ಕಟ್ಟಿಡುತ್ತಾರೆ. ಅವರ ಕೊಂಡಪಲ್ಲಿ ಬೊಂಬೆಗಳು ಇಂದಿಗೂ ಹೊಸದರಂತಿವೆ.

ಬಿ.ಎ.ಯಲ್ಲಿ ಡಿಕನ್ಸ್‌ನ 'ಗ್ರೇಟ್ ಎಕ್ಸ್‌ಪೆಕ್ಟೇಶನ್ಸ್' ಓದಿದ್ದೆ. ಮದುವೆ ಮುರಿದ ಮಿಸ್ ಹ್ಯಾವಿಶಮ್ ಕಿಟಕಿ ಮುಚ್ಚಿ, ಮದುವೆಯ ಕೇಕನ್ನು ಹಾಗೇ ಇಟ್ಟು ಕೊಳೆಸುತ್ತಾಳೆ. ಪಾಪ, ಹುಚ್ಚಿ ಎಂದುಕೊಂಡಿದ್ದೆ. ಪ್ರೀತಿಯ ವಸ್ತುವನ್ನು ಮುಚ್ಚಿಟ್ಟು ಹಾಳುಮಾಡುವುದರಲ್ಲಿ ನಾನೇನು ಕಡಿಮೆ?

ಸೋದರಿಯರೇ, ಬೂಷ್ಟು ಕಂಡರೆ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ. ಉಬ್ಬಸದವರನ್ನು ದೂರವಿಡಿ. ಮನೆಯೊಳಗೆ ಕೊಡವಬೇಡಿ. ಬಾಲ್ಕನಿಯಲ್ಲಿ ಒಣಗಿಸಿ, ಆಮೇಲೆ ಮೆತ್ತನೆಯ ಬ್ರಷ್‌ನಿಂದ ಒರೆಸಿ. ರೇಷ್ಮೆಗೂ ಬಣ್ಣದ ಬೊಂಬೆಗೂ ನೆರಳಿನ ಗಾಳಿಯೇ ಸಾಕು, ಸುಡುಬಿಸಿಲು ಬೇಡ. ನೆನೆದದ್ದನ್ನು ಒಂದೆರಡು ದಿನದೊಳಗೆ ಒಣಗಿಸಿದರೆ ಬೂಷ್ಟು ಹತ್ತುವುದಿಲ್ಲ. ಕಟ್ಟಲು ಹಳೆಯ ಹತ್ತಿ ಸೀರೆ ಒಳ್ಳೆಯದು. ಪೆಟ್ಟಿಗೆಯನ್ನು ಗೋಡೆಗೆ ತಾಗಿಸದೆ ಮರದ ಹಲಗೆಯ ಮೇಲಿಡಿ. ಮಳೆಗಾಲಕ್ಕೆ ಮುಂಚೆ ತಾರಸಿಯ ಕೊಳವೆ ನೋಡಿಸಿ.

ನಾನೀಗ ಹಬ್ಬವಾದ ಮೇಲೆ ಬೊಂಬೆಗಳನ್ನು ಕಾರ್ತಿಕದವರೆಗೂ ಗಾಜಿನ ಬೀರುವಿನಲ್ಲೇ ಬಿಟ್ಟು, ಹವೆ ಒಣಗಿದ ಮೇಲೆ ಕಟ್ಟುತ್ತೇನೆ. ಯುಗಾದಿಗೊಮ್ಮೆ ಇಳಿಸಿ ಗಾಳಿಗಿಡುತ್ತೇನೆ.

ಪಟ್ಟದ ಬೊಂಬೆಗಳ ಮರಕ್ಕೆ ಏನೂ ಆಗಲಿಲ್ಲ. ಬಟ್ಟೆಯ ಕಲೆ ಮಾತ್ರ ಹೋಗಲಿಲ್ಲ. ಅಂಚಿನ ಎರಡು ಬೆರಳು ಜರಿ ಉಳಿಯಿತು. ಅದನ್ನು ಹೊಸ ಬಟ್ಟೆಗೆ ಹೊಲಿದೆ, ಅಮ್ಮನಷ್ಟು ನೀಟಾಗಿ ಬರಲಿಲ್ಲ. ಆ ವರ್ಷ ಕೋವಿಡ್ ಕಾಲ, ನೋಡಲು ಯಾರೂ ಬರುವಂತಿರಲಿಲ್ಲ. ಈ ಸಲ ತಪ್ಪದೆ ಅರಿಶಿನ ಕುಂಕುಮಕ್ಕೆ ಬನ್ನಿ. ನನ್ನ ಹೊಲಿಗೆ ನೋಡಿ ನಗಬೇಡಿ, ಅಷ್ಟೇ!