ಶುಗರ್ ಇರುವ ಮಗುವಿಗೆ ಸಕ್ಕರೆ ಕೊಡಲು ಕಲಿಯೋಣ

ಬೋಧನಾಭ್ಯಾಸದ ಎರಡನೇ ವಾರ. ಮಧುರೆ ಹೋಬಳಿಯ ಪ್ರೌಢಶಾಲೆಯೊಂದರಲ್ಲಿ ಒಂಬತ್ತನೇ ತರಗತಿಗೆ ಊಟಕ್ಕೆ ಮುಂಚಿನ ಅವಧಿ ನನ್ನದಾಗಿತ್ತು. ದಿನವೂ ಚುರುಕಾಗಿ ಉತ್ತರಿಸುವ ಹುಡುಗಿಯೊಬ್ಬಳು ಅಂದು ಪ್ರಶ್ನೆ ಕೇಳಿದರೆ ಸುಮ್ಮನೆ ಮುಖ ನೋಡಿದಳು. ಮತ್ತೆ ಕೇಳಿದಾಗ ಸಿಡುಕಿದಳು. ಹಣೆ ಬೆವರಿತ್ತು. ನಿದ್ದೆ ಬಂದಿರಬೇಕೆಂದುಕೊಂಡು, "ಹೋಗಿ ಮುಖ ತೊಳ್ಕೊಂಡು ಬಾ" ಎಂದೆ. ಪಕ್ಕದವಳು ಎದ್ದು, "ಮಿಸ್, ಅವಳಿಗೆ ಶುಗರ್ ಇದೆ, ಒಬ್ಬಳನ್ನೇ ಕಳಿಸಬೇಡಿ" ಎಂದಳು. ಗೆಳತಿಯ ಬ್ಯಾಗಿನಿಂದ ಗ್ಲೂಕೋಸ್ ಪುಡಿ ತೆಗೆದು ನೀರಿಗೆ ಬೆರೆಸಿ ಕುಡಿಸಿದಳು. ಕಾಲು ಗಂಟೆಯಲ್ಲಿ ಹುಡುಗಿ ಮೊದಲಿನಂತಾದಳು.

ಆ ಗೆಳತಿಗೆ ತಿಳಿದಿದ್ದು, ಬಿ.ಎಸ್ಸಿ. ಬಿ.ಇಡಿ. ಓದುತ್ತಿರುವ ನನಗೆ ತಿಳಿದಿರಲಿಲ್ಲ. ಇನ್ಸುಲಿನ್ ಬಗ್ಗೆ ಪರೀಕ್ಷೆಯಲ್ಲಿ ಎಷ್ಟೋ ಸಲ ಬರೆದಿದ್ದೇನೆ. ಆದರೆ ತರಗತಿಯಲ್ಲಿ ಕುಳಿತ ಮಗುವಿನ ಸಕ್ಕರೆ ಇಳಿದಾಗ ಅದು ಹೇಗೆ ಕಾಣುತ್ತದೆ ಎಂಬುದನ್ನು ನನಗೆ ಯಾರೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಪ್ರತಿಯೊಬ್ಬ ಪ್ರಶಿಕ್ಷಣಾರ್ಥಿಯೂ ಶಾಲೆಗೆ ಹೋಗುವ ಮುನ್ನ ಇದನ್ನು ಕಲಿತಿರಬೇಕು ಎಂಬುದು ನನ್ನ ಅಭಿಪ್ರಾಯ.

ಟೈಪ್ 1 ಮಧುಮೇಹದಲ್ಲಿ ದೇಹದ ರೋಗನಿರೋಧಕ ವ್ಯವಸ್ಥೆಯೇ ಮೇದೋಜ್ಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ತಯಾರಿಸುವ ಕೋಶಗಳನ್ನು ನಾಶಮಾಡುತ್ತದೆ. ಹಾಗಾಗಿ ಮಗು ದಿನವೂ ಇನ್ಸುಲಿನ್ ಚುಚ್ಚಿಕೊಳ್ಳಲೇಬೇಕು. ಸಹಜ ಇನ್ಸುಲಿನ್ ಸಕ್ಕರೆ ಇಳಿದಂತೆ ಕಡಿಮೆಯಾಗುತ್ತದೆ, ಚುಚ್ಚಿಕೊಂಡದ್ದು ಹಾಗಲ್ಲ. ಊಟ ತಡವಾದರೂ, ಆಟ ಹೆಚ್ಚಾದರೂ ಅದು ತನ್ನ ಕೆಲಸ ಮಾಡುತ್ತಲೇ ಇರುತ್ತದೆ. ರಕ್ತದ ಗ್ಲೂಕೋಸ್ 70 ಮಿ.ಗ್ರಾಂ/ಡೆ.ಲೀ.ಗಿಂತ ಕೆಳಗಿಳಿದರೆ ಅದನ್ನು ಕಡಿಮೆ ಸಕ್ಕರೆ ಎನ್ನುತ್ತಾರೆ. ಕೈನಡುಕ, ಬೆವರು, ಹಸಿವು, ಎದೆಬಡಿತ ಕಾಣಿಸುತ್ತವೆ. ಮಿದುಳಿಗೆ ಗ್ಲೂಕೋಸ್ ಸಾಲದಾದಾಗ ಗೊಂದಲ, ಸಿಡುಕು, ಮಾತು ತೊದಲುವುದು ಶುರುವಾಗುತ್ತದೆ. ನಾವು 'ಗಮನವಿಲ್ಲ', 'ಅಶಿಸ್ತು' ಎಂದು ದಿನಚರಿಯಲ್ಲಿ ಬರೆಯುವುದೂ ಬಹುಮಟ್ಟಿಗೆ ಇವನ್ನೇ ಅಲ್ಲವೇ?

"ಶುಗರ್ ಇರುವವರಿಗೆ ಸಿಹಿ ಕೊಡಬಾರದು" ಎಂಬ ಮಾತು ನಮ್ಮೆಲ್ಲರ ಮನೆಗಳಲ್ಲಿದೆ. ಈ ಹೊತ್ತಿನಲ್ಲಿ ಆ ಮಾತೇ ಅಪಾಯ. ಆಗ ಬೇಕಾದದ್ದು ಸುಮಾರು 15 ಗ್ರಾಂ ಬೇಗ ಹೀರುವ ಸಕ್ಕರೆ, ಅಂದರೆ ಮೂರು ಟೀ ಚಮಚ ಸಕ್ಕರೆ ಅಥವಾ ಗ್ಲೂಕೋಸ್ ಪುಡಿ, ನೀರಿನಲ್ಲಿ ಕರಗಿಸಿ. 15 ನಿಮಿಷ ಕಾದು ಗ್ಲುಕೋಮೀಟರ್‌ನಲ್ಲಿ ನೋಡಬೇಕು. 70ಕ್ಕಿಂತ ಕಡಿಮೆಯೇ ಇದ್ದರೆ ಮತ್ತೆ ಅಷ್ಟೇ ಕೊಡಬೇಕು. ಕ್ಷೀರಭಾಗ್ಯದ ಹಾಲು, ಕಡಲೆಕಾಯಿ ಚಿಕ್ಕಿ, ಚಾಕೊಲೇಟ್ ಕೈಗೆ ಸಿಕ್ಕರೂ ಅವು ಮೊದಲ ಆಯ್ಕೆಯಲ್ಲ. ಅವುಗಳಲ್ಲಿನ ಕೊಬ್ಬು ಸಕ್ಕರೆ ಏರುವುದನ್ನು ನಿಧಾನಿಸುತ್ತದೆ. ಚೇತರಿಸಿಕೊಂಡ ಮೇಲೆ ಊಟವನ್ನೋ ತಿಂಡಿಯನ್ನೋ ಕೊಡಬಹುದು. ಮಗುವನ್ನು ಒಂಟಿಯಾಗಿ ಎಲ್ಲಿಗೂ ಕಳಿಸಬಾರದು. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ ಮಗ್ಗುಲಿಗೆ ಮಲಗಿಸಿ 108ಕ್ಕೆ ಕರೆ ಮಾಡಬೇಕು.

"ಪಾಠ ಯೋಜನೆ, ದಾಖಲೆ, ಬಿಸಿಯೂಟದ ಲೆಕ್ಕ, ಇದರ ಮೇಲೆ ನರ್ಸ್ ಕೆಲಸವೂ ನಮ್ಮದೇ?" ಎಂದು ಸಹಪಾಠಿಯೊಬ್ಬರು ಕೇಳಿದರು. ಪ್ರಶ್ನೆ ನ್ಯಾಯವಾದದ್ದೇ. ಇನ್ಸುಲಿನ್ ಕೊಡುವುದು ನಮ್ಮ ಕೆಲಸವಲ್ಲ. ಗುರುತಿಸುವುದು, ಸಕ್ಕರೆ ಕೊಡುವುದು, ಜೊತೆಗಿರುವುದು ಇಷ್ಟೇ ನಾನು ಕೇಳುತ್ತಿರುವುದು. ಸಿಬಿಎಸ್‌ಇ 2017ರಲ್ಲೇ ಇಂಥ ಮಕ್ಕಳು ಬೋರ್ಡ್ ಪರೀಕ್ಷೆಗೆ ಸಕ್ಕರೆ ಮಾತ್ರೆ, ಹಣ್ಣು, ತಿಂಡಿ ಒಯ್ಯಲು ಅನುಮತಿ ನೀಡಿತು. 2023ರಲ್ಲಿ ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗವು ತರಗತಿಯಲ್ಲೂ ಸಕ್ಕರೆ ಪರೀಕ್ಷಿಸಿಕೊಳ್ಳಲು, ತಿಂಡಿ ತಿನ್ನಲು ಅವಕಾಶವಿರಲಿ ಎಂದು ರಾಜ್ಯಗಳಿಗೆ ಪತ್ರ ಬರೆಯಿತು. ಆದರೆ ತರಗತಿಯಲ್ಲಿರುವ ಶಿಕ್ಷಕರಿಗೆ ವಿಷಯ ತಿಳಿಯದಿದ್ದರೆ ಪತ್ರದಿಂದ ಮಗುವಿಗೇನು ಪ್ರಯೋಜನ?

ಇನ್ನೊಂದು ತೊಡಕಿದೆ. ಆ ಹುಡುಗಿಯ ತಾಯಿ ಮರುದಿನ ಬಂದು ನನಗೆ ಹೇಳಿದ್ದು ಒಂದೇ ಮಾತು: "ಯಾರಿಗೂ ಹೇಳ್ಬೇಡಿ ಮೇಡಂ, ನಾಳೆ ಮದುವೆ ಮಾಡ್ಬೇಕು." ಈ ಭಯವನ್ನು ಉಪದೇಶದಿಂದ ಓಡಿಸಲಾಗದು. ಹಾಗಾಗಿ ಇಡೀ ತರಗತಿಗೆ ಸಾರುವುದು ಬೇಡ. ಪೋಷಕರ ಒಪ್ಪಿಗೆಯೊಂದಿಗೆ ಪಾಠ ಮಾಡುವ ಎಲ್ಲ ಶಿಕ್ಷಕರಿಗೂ, ದೈಹಿಕ ಶಿಕ್ಷಕರಿಗೂ, ನಮ್ಮಂಥ ಪ್ರಶಿಕ್ಷಣಾರ್ಥಿಗಳಿಗೂ ತಿಳಿದಿದ್ದರೆ ಸಾಕು.

ನಮ್ಮ ಕಾಲೇಜಿಗೆ ನನ್ನ ಮನವಿ ಮೂರು. ಬೋಧನಾಭ್ಯಾಸಕ್ಕೆ ಮುಂಚಿನ ತರಬೇತಿಯಲ್ಲಿ ಒಂದು ಗಂಟೆ ಇದಕ್ಕಿರಲಿ, ಆರೋಗ್ಯ ಕೇಂದ್ರದವರೇ ಬಂದು ಮಾಡಿ ತೋರಿಸಲಿ. ಶಾಲೆಗೆ ಹೋದ ಮೊದಲ ದಿನವೇ ವಿಶೇಷ ಆರೈಕೆ ಬೇಕಾದ ಮಕ್ಕಳ ಬಗ್ಗೆ ಮಾರ್ಗದರ್ಶಕ ಶಿಕ್ಷಕರನ್ನು ಕೇಳುವುದು ಕಡ್ಡಾಯವಾಗಲಿ. ವೀಕ್ಷಣಾ ಪುಸ್ತಕದಲ್ಲಿ 'ಗಮನವಿಲ್ಲ' ಎಂದು ಬರೆಯುವ ಮುನ್ನ ಕಾರಣ ಕೇಳಿದೆವೇ ಎಂದು ದಾಖಲಿಸಲು ಒಂದು ಅಂಕಣವಿರಲಿ. ನಾನಂತೂ ಆ ದಿನದ ಬರಹವನ್ನು ತಿದ್ದಿದ್ದೇನೆ. ಈಗ ನನ್ನ ಬ್ಯಾಗಿನಲ್ಲಿ ಚಾಕ್‌ಪೀಸಿನ ಜೊತೆಗೆ ಗ್ಲೂಕೋಸ್ ಪುಡಿಯ ಪೊಟ್ಟಣವೂ ಇರುತ್ತದೆ.